ಟೋಸ್ಟಿನ ಮೇಲಿನ ಬೀಫ್: ಸೈನ್ಯದ ಅಡುಗೆ ಪುಸ್ತಕಗಳು ಹೇಳುವುದೇನು?

ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ಸೈನಿಕರ ನೆನಪುಗಳಲ್ಲಿ ಒಂದು ತಿಂಡಿ ಮತ್ತೆ ಮತ್ತೆ ಬರುತ್ತದೆ. ಉಪ್ಪು ಹಚ್ಚಿ ಒಣಗಿಸಿ, ಕಾಗದದಷ್ಟು ತೆಳ್ಳಗೆ ಕೊಯ್ದ ದನದ ಮಾಂಸವನ್ನು ಹಾಲು, ಮೈದಾದ ಬಿಳಿ ಗ್ರೇವಿಯಲ್ಲಿ ಕುದಿಸಿ ಟೋಸ್ಟಿನ ಮೇಲೆ ಸುರಿಯುವ ತಿಂಡಿ. ಹೆಸರು ಕ್ರೀಮ್ಡ್ ಚಿಪ್ಡ್ ಬೀಫ್. ಸೈನಿಕರು ಇಟ್ಟ ಅಡ್ಡಹೆಸರು ಎಸ್‌ಒಎಸ್. ಅದರ ಪೂರ್ಣರೂಪ ಒರಟು ಬೈಗುಳ. ಇದನ್ನು ಬೈಯುತ್ತಲೇ ತಿಂದವರಿದ್ದಾರೆ, ಇಷ್ಟಪಟ್ಟು ತಿಂದವರೂ ಇದ್ದಾರೆ. ಇದು ಸೈನ್ಯದ್ದೇ ಅಡುಗೆ ಎಂಬ ಮಾತು ಮಾತ್ರ ಎಲ್ಲರ ಬಾಯಲ್ಲೂ ಇದೆ.

ಆ ಮಾತನ್ನು ದಾಖಲೆಯ ಎದುರು ಇಟ್ಟು ನೋಡಬೇಕೆನಿಸಿತು. ನೆನಪು ರುಚಿಯನ್ನು ಉಳಿಸಿಕೊಳ್ಳುತ್ತದೆ, ಅಳತೆಯನ್ನು ಉಳಿಸಿಕೊಳ್ಳುವುದಿಲ್ಲ. ಅಳತೆ ಸಿಗುವುದು ಸರ್ಕಾರ ಅಚ್ಚು ಹಾಕಿಸಿದ ಅಡುಗೆ ಪುಸ್ತಕಗಳಲ್ಲಿ.

ಮೊದಲು ನೋಡಿದ್ದು 1910ರ ಸೇನಾ ಅಡುಗೆಯವರ ಕೈಪಿಡಿ. ಅಲ್ಲಿ 60 ಜನರಿಗೆ ಹೇಳಿರುವ ಲೆಕ್ಕ ಹೀಗಿದೆ: ಚಿಪ್ಡ್ ಬೀಫ್ 15 ಪೌಂಡ್, ಕೊಬ್ಬು 1 ಪೌಂಡ್ (ಬೆಣ್ಣೆಯಾದರೆ ಒಳ್ಳೆಯದು), ಮೈದಾ ಒಂದೂಕಾಲು ಪೌಂಡ್, ಕಾಲು ಔನ್ಸ್ ಕಾಳುಮೆಣಸು, ಒಂದು ಕಟ್ಟು ಪಾರ್ಸ್ಲಿ ಸೊಪ್ಪು. ಮಾಂಸದಲ್ಲೇ ಬೇಕಾದಷ್ಟು ಉಪ್ಪಿರುವುದರಿಂದ ಪಟ್ಟಿಯಲ್ಲಿ ಉಪ್ಪಿನ ಹೆಸರಿಲ್ಲ. ನನ್ನ ಕಣ್ಣು ನಿಂತದ್ದು ಹಾಲಿನ ಸಾಲಿನ ಮೇಲೆ. 12 ಔನ್ಸಿನ ಎರಡು ಡಬ್ಬಿ ಎವಾಪರೇಟೆಡ್ ಹಾಲು, ಅದಕ್ಕೆ 6 ಕ್ವಾರ್ಟ್ ಮಾಂಸದ ಕಟ್ಟು. ನಮ್ಮ ಲೆಕ್ಕದಲ್ಲಿ ಮುಕ್ಕಾಲು ಲೀಟರಿಗೂ ಕಡಿಮೆ ಹಾಲು, ಐದೂವರೆ ಲೀಟರಿಗೂ ಹೆಚ್ಚು ಕಟ್ಟು. ಮೈದಾವನ್ನು ಕೊಬ್ಬಿನಲ್ಲಿ ಕೆಂಪಗೆ ಹುರಿದು, ಹಾಲು ಬೆರೆಸಿದ ಕಟ್ಟನ್ನು ಗಂಟು ಕಟ್ಟದಂತೆ ಕಲಕುತ್ತ ಹೊಯ್ಯಬೇಕು. ಹೀಗೆ ಮಾಡಿದ ಗ್ರೇವಿ ಬಿಳಿಯಾಗಿರಲು ಸಾಧ್ಯವೇ ಇಲ್ಲ. ಅದು ಕಂದು ಬಣ್ಣದ, ಮಾಂಸದ ಸಾರದಿಂದಲೇ ರುಚಿ ಪಡೆದ ಗ್ರೇವಿ.

ಹಾಗಾದರೆ ಬಿಳಿ ಗ್ರೇವಿ ಎಲ್ಲಿತ್ತು? ಮನೆಯಡುಗೆಯ ಪುಸ್ತಕದಲ್ಲಿತ್ತು. ಫ್ಯಾನಿ ಫಾರ್ಮರ್ ಅವರ ಬೋಸ್ಟನ್ ಕುಕಿಂಗ್ ಸ್ಕೂಲ್ ಪುಸ್ತಕ ಮೊದಲು ಅಚ್ಚಾದದ್ದು 1896ರಲ್ಲಿ. ನಾನು ಆಧಾರವಾಗಿಟ್ಟುಕೊಂಡದ್ದು 1918ರ ಆವೃತ್ತಿ. ಅಲ್ಲಿ ಕಾಲು ಪೌಂಡ್ ಒಣಮಾಂಸಕ್ಕೆ ಒಂದು ಕಪ್ ಬಿಸಿ ಕೆನೆ. ಮಾಂಸವನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಬಸಿಯಬೇಕು. ಹೆಚ್ಚಿನ ಉಪ್ಪು ಹೋಗುವುದು ಇದರಿಂದಲೇ. ಮೈದಾವನ್ನು ಹುರಿಯುವುದಿಲ್ಲ, ತಣ್ಣೀರಿನಲ್ಲಿ ಕಲಸಿ ಕೆನೆಗೆ ಸೇರಿಸುತ್ತಾರೆ. ಕೆನೆಯ ಬದಲು ಬಿಳಿ ಸಾಸ್ ಹಾಕಿದರೂ ಆದೀತು, ಆದರೆ ಅದಕ್ಕೆ ಉಪ್ಪು ಹಾಕಬಾರದು ಎಂಬ ಸೂಚನೆಯೂ ಇದೆ.

ಮುಂದಿನ ಸಾಕ್ಷಿ 1944ರ ಅಮೆರಿಕನ್ ನೌಕಾಪಡೆಯ ಅಡುಗೆ ಪುಸ್ತಕ. 100 ಜನರಿಗೆ ಒಣಮಾಂಸ 7 ಪೌಂಡ್, ಹಾಲು 5 ಗ್ಯಾಲನ್. ಕಟ್ಟಿನ ಸುಳಿವೇ ಇಲ್ಲ. ಭೂಸೇನೆಯ ಹಳೆಯ ಲೆಕ್ಕದಲ್ಲಿ ಒಬ್ಬನ ಪಾಲಿಗೆ ಸುಮಾರು 113 ಗ್ರಾಂ ಮಾಂಸ; ಇಲ್ಲಿ ಸುಮಾರು 32 ಗ್ರಾಂ. ಪಡೆಗಳು ಬೇರೆ, ನಿಜ. ಆದರೂ ಒಂದೇ ಹೆಸರಿನ ನೆರಳಲ್ಲಿ ಎರಡು ಬೇರೆ ಬೇರೆ ಅಡುಗೆಗಳಿದ್ದವು ಎನ್ನಲು ಈ ಅಂತರ ಸಾಕು. ನನಗೆ ತೋರುವ ಕಾರಣ ಉಗ್ರಾಣದಲ್ಲಿದೆ. ಕಟ್ಟು ಬೇಕೆಂದರೆ ಮೂಳೆ ಬೇಕು, ಗಂಟೆಗಟ್ಟಲೆ ಒಲೆ ಉರಿಯಬೇಕು. ಡಬ್ಬಿಯ ಹಾಲಿಗೋ ಹಾಲಿನ ಪುಡಿಗೋ ನೀರಿದ್ದರೆ ಸಾಕು. ಮುಂದೆ ಸೈನ್ಯದ ಪಾಕಪಟ್ಟಿಯಲ್ಲಿ ಒಣಮಾಂಸದ ಪಕ್ಕದಲ್ಲೇ ಕೊಚ್ಚಿದ ಹಸಿ ಮಾಂಸದ ಗ್ರೇವಿಯೂ ಬಂತು. ಇತ್ತೀಚಿನ ತಲೆಮಾರಿನ ಎಷ್ಟೋ ಸೈನಿಕರಿಗೆ ಗೊತ್ತಿರುವ ಎಸ್‌ಒಎಸ್ ಅದೇ.

ಇಷ್ಟನ್ನು ಕೂಡಿಸಿ ನೋಡಿದರೆ ತೀರ್ಮಾನ ಸ್ಪಷ್ಟ. ಬಿಳಿ ಗ್ರೇವಿಯ ಬೀಫ್ ಸೈನ್ಯ ಕಂಡುಹಿಡಿದದ್ದಲ್ಲ. ಮನೆಗಳಲ್ಲಿ ಆಗಲೇ ಇದ್ದ ಅಡುಗೆಯನ್ನು ಸೈನ್ಯ ಲಕ್ಷಾಂತರ ತಟ್ಟೆಗಳಿಗೆ ಬಡಿಸಿತು. ಹಳೆಯ ಸೇನಾ ರುಚಿಯೇ ಬೇಕೆನ್ನುವವರು 1910ರ ಲೆಕ್ಕಕ್ಕೆ ಹೋಗಬೇಕು. ಆರು ಜನರಿಗಾದರೆ 680 ಗ್ರಾಂ ಚಿಪ್ಡ್ ಬೀಫ್, 45 ಗ್ರಾಂ ಬೆಣ್ಣೆ, 57 ಗ್ರಾಂ ಮೈದಾ, 570 ಮಿಲಿ ಕಟ್ಟು, 70 ಮಿಲಿ ಎವಾಪರೇಟೆಡ್ ಹಾಲು. ಮೈದಾ ಕೆಂಪಗಾಗುವವರೆಗೆ ಹುರಿಯಿರಿ, ಉಪ್ಪು ಮಾತ್ರ ಹಾಕಬೇಡಿ.