‘ಹಾರ್ಮೋನ್’ ಶಬ್ದದ ಇತಿವೃತ್ತ

ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಶೋಧಗಳ ವಿಷಯದಲ್ಲಿ ತೋರುವ ಆಸ್ಥೆಯನ್ನು ಆ ಶೋಧಗಳಿಗೆ ಇಟ್ಟ ಹೆಸರುಗಳ ವಿಷಯದಲ್ಲಿ ತೋರುವುದು ವಿರಳ. ಹೆಸರು ಕೇವಲ ಗುರುತಿನ ಚೀಟಿಯೆಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ ಕೆಲವು ಹೆಸರುಗಳು ಪ್ರಯೋಗಶಾಲೆಯ ಹೊಸಿಲನ್ನು ದಾಟಿದ ಮೇಲೆ ಸ್ವತಂತ್ರವಾಗಿ ಬಾಳತೊಡಗುತ್ತವೆ. ತಮ್ಮನ್ನು ಹುಟ್ಟಿಸಿದವರು ಹೇಳದಿದ್ದುದನ್ನೂ ಹೇಳತೊಡಗುತ್ತವೆ. ‘ಹಾರ್ಮೋನ್’ ಎಂಬ ಇಂಗ್ಲಿಷ್ ಶಬ್ದ ಅಂಥದು. 1905ರಲ್ಲಿ ಒಂದು ಉಪನ್ಯಾಸದ ನಡುವೆ, ಬಹುಮಟ್ಟಿಗೆ ಪ್ರಾಸಂಗಿಕವಾಗಿ ಉಚ್ಚರಿಸಲ್ಪಟ್ಟ ಈ ಮಾತು 1970ರ ವೇಳೆಗೆ ರಾಜಕೀಯ ವಾದಕ್ಕೆ ಆಯುಧವಾಗಿತ್ತು. ಈ ಎರಡು ವರ್ಷಗಳ ನಡುವಣ ಹಾದಿಯನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ವಸ್ತುವಿನ ಅರಿವು ಶಬ್ದಕ್ಕಿಂತ ಹಳೆಯದು. 1849ರಲ್ಲಿ ಗಾಟಿಂಗೆನ್ನಿನ ಬರ್ಟೋಲ್ಡ್ ಎಂಬ ವಿದ್ವಾಂಸನು ಹುಂಜದ ಮರಿಗಳ ವೃಷಣಗಳನ್ನು ತೆಗೆದು, ಕೆಲವಕ್ಕೆ ಅವನ್ನು ಹೊಟ್ಟೆಯೊಳಗೆ ಮರಳಿ ನೆಟ್ಟನು. ವೃಷಣಗಳನ್ನು ಕಳೆದುಕೊಂಡವು ಜುಟ್ಟು ಬೆಳೆಯದೆ, ಕಾಳಗಕ್ಕೆ ನಿಲ್ಲದೆ ಸಪ್ಪಗಾದುವು. ಮರಳಿ ಪಡೆದವು ಎಂದಿನಂತೆ ಕೂಗಿದುವು, ಕಾದಾಡಿದುವು. ನರಗಳ ಸಂಬಂಧ ಕಡಿದುಹೋಗಿದ್ದರಿಂದ ಪ್ರಭಾವವು ರಕ್ತದ ಮೂಲಕವೇ ಹರಿದಿರಬೇಕೆಂದು ಆತನು ಊಹಿಸಿದನು. ಆತನ ಲೇಖನ ನಾಲ್ಕೇ ಪುಟಗಳದು. ಆ ಪ್ರಭಾವಕ್ಕೆ ಆತನು ಹೆಸರನ್ನಿಡಲಿಲ್ಲ. ಲೇಖನವು ಬಹುಕಾಲ ಮರೆವಿಗೆ ಸಂದಿತು. ಕೆಲವು ವರ್ಷಗಳ ತರುವಾಯ ಫ್ರಾನ್ಸಿನ ಕ್ಲಾಡ್ ಬರ್ನಾರ್ ‘ಆಂತರಿಕ ಸ್ರಾವ’ ಎಂಬ ಮಾತನ್ನು ಬಳಕೆಗೆ ತಂದನಾದರೂ ಆತನ ದೃಷ್ಟಿಯಲ್ಲಿದ್ದುದು ಯಕೃತ್ತು ರಕ್ತಕ್ಕೆ ಬಿಡುವ ಸಕ್ಕರೆ. ಅದು ಆಹಾರವೇ ಹೊರತು ಸಂದೇಶವಲ್ಲ.

ಇನ್ನು 1889ರ ಪ್ರಸಂಗ. ಎಪ್ಪತ್ತೆರಡು ವರ್ಷದ ಬ್ರೌನ್-ಸೆಕಾರ್ ಎಂಬ ಪ್ರಸಿದ್ಧ ಶರೀರಶಾಸ್ತ್ರಜ್ಞನು ನಾಯಿ ಮತ್ತು ಗಿನಿಯಿಲಿಗಳ ವೃಷಣಗಳ ಸಾರವನ್ನು ತನಗೇ ಚುಚ್ಚಿಕೊಂಡು, ತನಗೆ ಕಳೆದುಹೋಗಿದ್ದ ಬಲ ಮರಳಿತೆಂದು ಪ್ಯಾರಿಸ್ಸಿನ ವಿದ್ವತ್ಸಭೆಯೆದುರು ವರದಿ ಮಾಡಿದನು. ನೀರಿನಲ್ಲಿ ಸಿದ್ಧಪಡಿಸಿದ ಅಂಥ ಸಾರದಲ್ಲಿ ಪರಿಣಾಮಕಾರಿಯಾಗುವಷ್ಟು ಹಾರ್ಮೋನು ಇರಲಾರದೆಂದು ಈಗ ನಾವು ಬಲ್ಲೆವು. ಆದರೆ ಪತ್ರಿಕೆಗಳು ಅಷ್ಟು ತಾಳ್ಮೆಯಿಂದಿರಲಿಲ್ಲ. ವ್ಯಾಪಾರಿಗಳಂತೂ ಇರಲೇ ಇಲ್ಲ. ಯೌವನವನ್ನು ಸೀಸೆಯಲ್ಲಿ ತುಂಬಿ ಮಾರುವ ಪೇಟೆ ಶಬ್ದ ಹುಟ್ಟುವ ಮುನ್ನವೇ ಸಿದ್ಧವಾಗಿತ್ತೆಂಬ ಈ ಸಂಗತಿಯನ್ನು ನಾವು ಮರೆಯತಕ್ಕದ್ದಲ್ಲ.

ಶಬ್ದದ ಜನ್ಮಕ್ಕೆ ಕಾರಣವಾದ ಪ್ರಯೋಗ ನಡೆದುದು 1902ರ ಜನವರಿಯಲ್ಲಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ. ಜಠರದಿಂದ ಆಮ್ಲಯುಕ್ತವಾದ ಆಹಾರ ಸಣ್ಣ ಕರುಳಿಗೆ ಇಳಿದೊಡನೆ ಮೇದೋಜೀರಕ ಗ್ರಂಥಿ ತನ್ನ ರಸವನ್ನು ಸುರಿಸುತ್ತದೆ. ಕರುಳಿನ ಸುದ್ದಿ ಗ್ರಂಥಿಗೆ ಮುಟ್ಟುವುದು ಹೇಗೆ? ನರಗಳ ಮೂಲಕ ಎಂಬುದು ರಷ್ಯದ ಪಾವ್ಲೋವನ ಪಂಥದ ದೃಢಮತ. ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಅರಿವಳಿಕೆಯಲ್ಲಿದ್ದ ನಾಯಿಯ ಕರುಳಿನ ಒಂದು ತುಂಡಿಗೆ ಸೇರಿದ ನರಗಳನ್ನೆಲ್ಲ ಕಡಿದು ಅಲ್ಲಿಗೆ ಆಮ್ಲವನ್ನು ಹಾಕಿದರು. ರಸ ಎಂದಿನಂತೆಯೇ ಸುರಿಯಿತು. ಆಗ ಸ್ಟಾರ್ಲಿಂಗ್ ಕರುಳಿನ ಒಳಪೊರೆಯನ್ನು ಕೆರೆದು, ಮರಳಿನೊಂದಿಗೆ ಆಮ್ಲದಲ್ಲಿ ಅರೆದು, ಸೋಸಿ, ಪ್ರಾಣಿಯ ರಕ್ತನಾಳಕ್ಕೆ ಚುಚ್ಚಿದನು. ಕೆಲವು ಕ್ಷಣಗಳಲ್ಲಿ ಗ್ರಂಥಿ ಮತ್ತೆ ಸ್ರವಿಸಿತು. ಸುದ್ದಿ ನರದ ತಂತಿಯಲ್ಲಿ ಅಲ್ಲ, ರಕ್ತದ ಹೊಳೆಯಲ್ಲಿ ಸಾಗಿತ್ತು. ಆ ವಸ್ತುವಿಗೆ ಅವರು ‘ಸಿಕ್ರಿಟಿನ್’ ಎಂದು ಹೆಸರಿಟ್ಟರು. ಪಾವ್ಲೋವನ ಪ್ರಯೋಗಶಾಲೆಯಲ್ಲಿಯೂ ಈ ಪ್ರಯೋಗ ಪುನರಾವರ್ತಿತವಾಯಿತು. ಅದರ ಫಲವನ್ನು ಕಂಡು ಆ ಮಹನೀಯನು ಲಂಡನ್ನಿನವರದೇ ಸರಿಯೆಂದು ಒಪ್ಪಿಕೊಂಡನೆಂದು ಆತನ ಶಿಷ್ಯನೊಬ್ಬನು ಬರೆದಿಟ್ಟಿದ್ದಾನೆ.

ಸಿಕ್ರಿಟಿನ್ ಒಂದು ವಸ್ತುವಿನ ಹೆಸರು. ವರ್ಗಕ್ಕೆ ಹೆಸರು ಬೇಕಾಗಿತ್ತು. 1905ರ ಜೂನಿನಲ್ಲಿ ಲಂಡನ್ನಿನ ವೈದ್ಯರ ರಾಯಲ್ ಕಾಲೇಜಿನಲ್ಲಿ ನೀಡಿದ ಕ್ರೂನಿಯನ್ ಉಪನ್ಯಾಸಗಳಲ್ಲಿ ಸ್ಟಾರ್ಲಿಂಗ್, ಒಂದು ಅಂಗದಲ್ಲಿ ಹುಟ್ಟಿ ರಕ್ತದ ಮೂಲಕ ಮತ್ತೊಂದು ಅಂಗವನ್ನು ಮುಟ್ಟಿ ಅದರ ಕಾರ್ಯವನ್ನು ಹೊಂದಿಸುವ ರಾಸಾಯನಿಕ ದೂತರನ್ನು ‘ಹಾರ್ಮೋನು’ಗಳೆಂದು ಕರೆಯಬಹುದೆಂದನು. ಗ್ರೀಕಿನಲ್ಲಿ ‘ಹೊರ್ಮಾವೊ’ ಎಂದರೆ ಕೆರಳಿಸು, ಚಲನೆಗೆ ತೊಡಗಿಸು. ಈ ಪದವನ್ನು ಸೂಚಿಸಿದವನು ಕೇಂಬ್ರಿಜ್ಜಿನ ವೀಸಿ ಎಂಬ ಗ್ರೀಕ್ ಪಂಡಿತನೆಂದೂ, ವಿಲಿಯಂ ಹಾರ್ಡಿಯ ಆತಿಥ್ಯದಲ್ಲಿ ಕಾಲೇಜಿನ ಭೋಜನದ ವೇಳೆ ಈ ಚರ್ಚೆ ನಡೆಯಿತೆಂದೂ ಜೋಸೆಫ್ ನೀಡಮ್ ದಾಖಲಿಸಿದ್ದಾನೆ.

ಇಲ್ಲಿಯೇ ಒಂದು ತೊಡಕು ಹುಟ್ಟಿಕೊಂಡಿತು. ಸ್ಟಾರ್ಲಿಂಗನ ವಿವರಣೆಯಲ್ಲಿ ಪ್ರಧಾನವಾದುದು ದೌತ್ಯ. ಶಬ್ದದ ಧಾತುವಿನಲ್ಲಿರುವುದಾದರೋ ಕೆರಳಿಕೆ. ಹೆಸರಿನಲ್ಲಿ ದೂತನ ಸುಳಿವಿಲ್ಲವೆಂಬುದನ್ನು ಬೇಲಿಸನೇ ಮುಂದೆ ತನ್ನ ಶರೀರಶಾಸ್ತ್ರ ಗ್ರಂಥದಲ್ಲಿ ಒಪ್ಪಿದ್ದಾನೆ. ಎಡ್ವರ್ಡ್ ಶೇಫರ್ ಇದಕ್ಕೂ ಮುಂದೆ ಹೋದನು. ಕೆರಳಿಸುವವು ಹಾರ್ಮೋನುಗಳಾದರೆ ತಡೆಯುವವುಗಳಿಗೆ ಅದೇ ಹೆಸರು ಸಲ್ಲುವುದೆಂತು? 1913ರ ಸುಮಾರಿಗೆ ಆತನು ತಡೆಯುವವುಗಳಿಗೆ ‘ಚಾಲೋನ್’ ಎಂದೂ, ಎರಡಕ್ಕೂ ಕೂಡಿ ‘ಆಟಕಾಯ್ಡ್’ ಎಂದೂ ಹೆಸರುಗಳನ್ನು ಮುಂದಿಟ್ಟನು. ತರ್ಕದ ದೃಷ್ಟಿಯಿಂದ ಶೇಫರನದೇ ಸರಿ. ಆದರೂ ಲೋಕ ಆತನ ಮಾತನ್ನು ಕೇಳಲಿಲ್ಲ. ಬೆಳವಣಿಗೆಯ ಹಾರ್ಮೋನನ್ನು ಅಡಗಿಸುವುದರಿಂದಲೇ ಗುರುತಿಸಲ್ಪಟ್ಟು 1973ರಲ್ಲಿ ಪ್ರಕಟವಾದ ಸೊಮಾಟೊಸ್ಟ್ಯಾಟಿನ್ ಕೂಡ ಇಂದು ಹಾರ್ಮೋನೆಂದೇ ಕರೆಯಿಸಿಕೊಳ್ಳುತ್ತದೆ. ವಿಜ್ಞಾನಿಗಳು ಧಾತ್ವರ್ಥವನ್ನು ಮರೆತು ದೌತ್ಯವನ್ನು ಉಳಿಸಿಕೊಂಡರು. ಜನಸಾಮಾನ್ಯರ ಬಳಕೆಯಲ್ಲಿ ಆದುದು ಇದಕ್ಕೆ ನೇರ ವಿಪರೀತ: ದೂತನು ಮರೆಯಾಗಿ ಕೆರಳಿಕೆ ಮಾತ್ರ ಉಳಿಯಿತು. ಜನ ಗ್ರೀಕನ್ನು ಕಲಿತು ಹೀಗೆ ಮಾಡಿದರೆಂದು ನಮ್ಮ ಅಭಿಪ್ರಾಯವಲ್ಲ. ಬ್ರೌನ್-ಸೆಕಾರನ ಕಾಲದಿಂದ ಬಂದ ಪೇಟೆಯ ಮಾತು ಅವರನ್ನು ಆ ಕಡೆಗೆ ಒಯ್ದಿತೆನ್ನಬೇಕು.

ಈ ಒಲವಿಗೆ ಬಲ ತಂದುದು ಲಿಂಗಸಂಬಂಧದ ಹಾರ್ಮೋನುಗಳ ಶೋಧ. 1929ರಿಂದ 1935ರವರೆಗಿನ ಆರೇಳು ವರ್ಷಗಳಲ್ಲಿ ಈಸ್ಟ್ರೋನ್, ಆಂಡ್ರೋಸ್ಟೆರೋನ್, ಟೆಸ್ಟಾಸ್ಟೆರೋನ್ ಒಂದೊಂದಾಗಿ ಶುದ್ಧರೂಪದಲ್ಲಿ ದೊರೆತುವು. ಇವುಗಳಿಗೆ ಸ್ತ್ರೀ ಹಾರ್ಮೋನು, ಪುರುಷ ಹಾರ್ಮೋನು ಎಂಬ ಬಿರುದುಗಳು ಅಂಟಿಕೊಂಡುವು. ವಸ್ತುಸ್ಥಿತಿ ಆ ಬಿರುದುಗಳಿಗೆ ಬಗ್ಗಲಿಲ್ಲ. 1927ರಲ್ಲಿಯೇ ಆಮ್‌ಸ್ಟರ್‌ಡಾಮಿನಲ್ಲಿ ಲಾಕರನ ತಂಡ ಗಂಡಸರ ಮೂತ್ರದಲ್ಲಿ ‘ಸ್ತ್ರೀ’ ಹಾರ್ಮೋನನ್ನು ಕಂಡಿತ್ತು. 1934ರಲ್ಲಿ ಝೋಂಡೆಕ್ ಅದನ್ನು ಗಂಡುಕುದುರೆಯ ಮೂತ್ರದಲ್ಲಿ ವಿಪುಲವಾಗಿ ಕಂಡು ಬೆರಗಾದನು. ಹೆಣ್ಣಿನ ದೇಹದಲ್ಲಿ ಈಸ್ಟ್ರಡಯಾಲ್ ತಯಾರಾಗುವುದು ಟೆಸ್ಟಾಸ್ಟೆರೋನ್ ಮೊದಲಾದ ‘ಪುರುಷ’ ವಸ್ತುಗಳಿಂದಲೇ. ಇಷ್ಟೆಲ್ಲ ತಿಳಿದ ಮೇಲೂ ಆ ಹೆಸರುಗಳು ಪಠ್ಯಪುಸ್ತಕಗಳನ್ನು ಬಿಟ್ಟು ಕದಲಲಿಲ್ಲ. ಹಿಂದೆ ಯೂರೋಪಿನ ವೈದ್ಯರು ಹೆಣ್ಣಿನ ಕೋಪತಾಪಗಳಿಗೆಲ್ಲ ಗರ್ಭಕೋಶವನ್ನು ಹೊಣೆಮಾಡಿ ‘ಹಿಸ್ಟೀರಿಯ’ ಎಂಬ ಪದವನ್ನು ಬಳಸುತ್ತಿದ್ದರಷ್ಟೆ. ಆ ಹಳೆಯ ಪೀಠವನ್ನು ಹೊಸ ಶಬ್ದ ಏರಿ ಕುಳಿತಿತು.

ಅದರ ಪರಿಣಾಮ 1970ರಲ್ಲಿ ಅಮೆರಿಕದಲ್ಲಿ ಬಹಿರಂಗವಾಯಿತು. ಡೆಮಾಕ್ರಟಿಕ್ ಪಕ್ಷದ ಸಮಿತಿಯೊಂದರಲ್ಲಿ ಹವಾಯಿಯ ಸಂಸತ್ ಸದಸ್ಯೆ ಪ್ಯಾಟ್ಸಿ ಮಿಂಕ್ ಸ್ತ್ರೀಯರ ಹಕ್ಕುಗಳಿಗೆ ಆದ್ಯತೆ ದೊರೆಯಬೇಕೆಂದು ವಾದಿಸಿದರು. ಸದಸ್ಯನಾಗಿದ್ದ ವೈದ್ಯ ಎಡ್ಗರ್ ಬರ್ಮನ್, ಕೆರಳುವ ಹಾರ್ಮೋನುಗಳ ಏರುಪೇರಿಗೆ ಒಳಗಾಗುವ ಸ್ತ್ರೀಯರು ಸಂಕಟಕಾಲದಲ್ಲಿ ರಾಷ್ಟ್ರದ ಹೊಣೆ ಹೊರಲು ತಕ್ಕವರಲ್ಲವೆಂಬರ್ಥದ ಮಾತನ್ನಾಡಿದನು. ಇದಕ್ಕೆ ಉತ್ತರ ಕೊಟ್ಟವರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದ ನಿರ್ನಾಳ ಗ್ರಂಥಿಗಳ ತಜ್ಞೆ ಎಸ್ಟೆಲ್ ರೇಮಿ ಮುಖ್ಯರು. 1962ರ ಕ್ಯೂಬಾ ಕ್ಷಿಪಣಿ ಸಂಕಟವನ್ನು ಎದುರಿಸಿದ ಅಧ್ಯಕ್ಷ ಕೆನೆಡಿಗೆ ಅಡ್ರಿನಲ್ ಗ್ರಂಥಿಯ ತೀವ್ರ ಕೊರತೆಯಾದ ಆಡಿಸನ್ ರೋಗವಿದ್ದುದನ್ನು ಅವರು ನೆನಪಿಸಿದರು. ನಿಜವಾದ ಹಾರ್ಮೋನು ದೋಷವಿದ್ದವನು ಪುರುಷ.  ಬರ್ಮನ್ ಸಮಿತಿಯಿಂದ ಹೊರಬಿದ್ದನು. ಇಂಗ್ಲಿಷಿನ ದಿನಬಳಕೆಯಲ್ಲಿ ಮಾತ್ರ, ಸಿಡುಕುವ ಹೆಂಗಸನ್ನೂ ಹುಡುಗಾಟದ ಹದಿಹರೆಯದವರನ್ನೂ ‘ಹಾರ್ಮೋನಲ್’ ಎಂದು ತಳ್ಳಿಹಾಕುವ ವಾಡಿಕೆ ಹೋಗಿಲ್ಲ. ಹಾಗೆ ಅನ್ನಿಸಿಕೊಂಡವರ ದೂರಿನಲ್ಲಿ ಹುರುಳಿದೆಯೇ ಎಂದು ಆ ಮೇಲೆ ಯಾರೂ ವಿಚಾರಿಸುವುದಿಲ್ಲ.

ಕನ್ನಡದ ಮಾತನ್ನೂ ಕಿಂಚಿತ್ ಹೇಳಬೇಕು. ನಮ್ಮ ಶಾಸ್ತ್ರಬರಹದಲ್ಲಿ ‘ನಿರ್ನಾಳ ಗ್ರಂಥಿ’ ಚೆನ್ನಾಗಿ ಬೇರೂರಿದೆ. ಹಾರ್ಮೋನಿಗೆ ‘ಚೋದಕ’ವೆಂಬ ಪರ್ಯಾಯವೂ ಉಂಟು. ಪ್ರೇರಿಸು ಎಂಬರ್ಥದ ‘ಚುದ್’ ಧಾತುವಿನಿಂದ ಬಂದ ಈ ಪದ ಗ್ರೀಕ್ ಮೂಲದ ಗುಣವನ್ನೂ ದೋಷವನ್ನೂ ಒಟ್ಟಿಗೇ ಹೊತ್ತು ತಂದಿದೆ; ಇದರಲ್ಲಿಯೂ ದೂತನಿಲ್ಲ. ಆಡುಮಾತು ಚೋದಕವನ್ನು ಒಲ್ಲದೆ ‘ಹಾರ್ಮೋನು’ ಎಂಬುದನ್ನೇ ಸ್ವೀಕರಿಸಿತು. ನಮ್ಮ ಜನ ಆಸ್ಪತ್ರೆಯಿಂದ ಬಂದು ‘ಹಾರ್ಮೋನು ಏರುಪೇರಾಗಿದೆಯಂತೆ’ ಎನ್ನುತ್ತಾರೆ, ‘ಅವಳಿಗೆ ಥೈರಾಯ್ಡ್ ಇದೆ’ ಎನ್ನುತ್ತಾರೆ. ಥೈರಾಯ್ಡ್ ಯಾರಿಗಿಲ್ಲ? ‘ಬಿ.ಪಿ. ಇದೆ’, ‘ಶುಗರ್ ಇದೆ’ ಎಂಬ ಮಾತುಗಳ ಜಾಡಿನಲ್ಲಿಯೇ ಇಲ್ಲಿಯೂ ಗ್ರಂಥಿಯ ಹೆಸರು ರೋಗದ ಹೆಸರಾಗಿದೆ. ಇಂಗ್ಲಿಷಿನಲ್ಲಿ ಆ ಶಬ್ದ ಸ್ವಭಾವದ ಮೇಲಣ ತೀರ್ಪಾಗಿದ್ದರೆ ಕನ್ನಡದಲ್ಲಿ ಅದು ಬಹುಮಟ್ಟಿಗೆ ಇನ್ನೂ ಕಾಯಿಲೆಯ ಹೆಸರು. ಇತ್ತೀಚೆಗೆ ನಗರಗಳ ಯುವಜನರ ಬಾಯಲ್ಲಿ ಮಾತ್ರ ಮೊದಲನೆಯ ಅರ್ಥವೂ ಕೇಳಿಬರತೊಡಗಿದೆ.