ಚೂರ್ಣದಿಂದ ಮಾತ್ರೆ: ತಯಾರಿಕೆಯ ಇತಿಹಾಸ

ಔಷಧಚೂರ್ಣವನ್ನು ನಿಯತಪ್ರಮಾಣದ ಘನರೂಪಕ್ಕೆ ತರುವ ಕ್ರಮಗಳ ಚರಿತ್ರೆಯನ್ನು ಬರೆದವರಲ್ಲಿ ಹಲವರು, ಕೈಯಲ್ಲಿ ಉರುಳಿಸಿದ ಗುಳಿಗೆಯನ್ನೂ ಯಂತ್ರದಲ್ಲಿ ಒತ್ತಿದ ಮಾತ್ರೆಯನ್ನೂ ಒಂದೇ ಸರಣಿಯಲ್ಲಿ ಪೋಣಿಸಿರುವುದರಿಂದ ಇವೆರಡರ ಭೇದವು ಮಸುಕಾಗಿದೆ. ಮೊದಲನೆಯದರಲ್ಲಿ ಕಣಗಳನ್ನು ಬಂಧಿಸುವುದು ಅಂಟುದ್ರವ್ಯ. ಎರಡನೆಯದರಲ್ಲಿ ಪ್ರಧಾನವಾಗಿ ಒತ್ತಡ.

ಗುಳಿಗೆಯ ವಿಧಿ ಶಾರ್ಙ್ಗಧರಸಂಹಿತೆಯಲ್ಲಿಯೇ ಉಂಟು: ಚೂರ್ಣದ ನಾಲ್ಮಡಿ ಸಕ್ಕರೆ, ಇಮ್ಮಡಿ ಬೆಲ್ಲ, ಜೇನು ಅಥವಾ ಗುಗ್ಗುಳವಾದರೆ ಸಮಭಾಗ. ಚೂರ್ಣಕ್ಕೆ ಮೂಲಿಕೆಯ ರಸದಲ್ಲಿ ಭಾವನೆ ಕೊಟ್ಟು, ಅಂದರೆ ನೆನೆಸಿ, ಬೆರಳಿಗೆ ಅಂಟದ ಹದ ಬರುವವರೆಗೆ ಕಲ್ವದಲ್ಲಿ ಅರೆದು, ಉರುಳಿಸಿ, ನೆರಳಿನಲ್ಲಿ ಒಣಗಿಸುವುದು ವೈದ್ಯರ ರೂಢಿ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಈ ಕಡೆಯ ಹಂತವೇ ಕಷ್ಟದ್ದು. ಆಗುಂಬೆ, ಹುಲಿಕಲ್ಲುಗಳ ಮಳೆಗಾಲದಲ್ಲಿ ಹಸಿ ಗುಳಿಗೆಗೆ ಬೂಷ್ಟು ಹಿಡಿಯಲು ಬಹಳ ಹೊತ್ತು ಬೇಡ. ಒಣಗಿ ಕಲ್ಲಾದ ಗುಳಿಗೆಯನ್ನಾದರೋ ಕೂಸಿಗೆ ಕೊಡುವಾಗ ತೇಯುವ ಕಲ್ಲಿನ ಮೇಲೆ ಜೇನಿನಲ್ಲೋ ಎದೆಹಾಲಿನಲ್ಲೋ ತೇದು ನೆಕ್ಕಿಸಬೇಕಾಗಿದ್ದಿತು. ಆನಂದಪುರದ ಬಳಿಯ ನರಸೀಪುರದ ನಾಟಿವೈದ್ಯವು ಎಷ್ಟೇ ದೂರದ ಜನರನ್ನು ಸೆಳೆದಿದ್ದರೂ, ಅಲ್ಲಿ ಕೊಡುತ್ತಿದ್ದುದು ಮುಖ್ಯವಾಗಿ ಕಷಾಯದ ತೊಗಟೆಯಾದುದರಿಂದ, ಅದನ್ನು ಈ ಚರಿತ್ರೆಯಲ್ಲಿ ಸೇರಿಸುವುದು ಸಲ್ಲದು.

ಒತ್ತುವ ಕ್ರಮದ ಆರಂಭ ಸುಪರಿಚಿತ: ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಬ್ರಾಕ್‌ಡನ್ 1843ರಲ್ಲಿ, ಪೆನ್ಸಿಲಿನ ಗ್ರಾಫೈಟ್ ಪುಡಿಯನ್ನೂ ಔಷಧವನ್ನೂ ಅಚ್ಚಿನಲ್ಲಿ ಒತ್ತುವುದಕ್ಕೆ ಪೇಟೆಂಟು ಪಡೆದನು. ಆದರೆ ಬಹುತೇಕ ಪುಡಿಗಳು ಅಚ್ಚಿನೊಳಕ್ಕೆ ಸಮನಾಗಿ ಇಳಿಯವು. ತೂಕ ತಪ್ಪುತ್ತದೆ, ಒತ್ತಿದ ಬಿಲ್ಲೆಯ ಮೇಲ್ಪದರ ಕಳಚುತ್ತದೆ. ಆದಕಾರಣ ಪುಡಿಯನ್ನು ಗಂಜಿಯಲ್ಲಿ ಕಲಸಿ, ಜರಡಿಯಲ್ಲಿ ಹಾಯಿಸಿ, ಆ ಹರಳನ್ನು ಒಣಗಿಸಿದ ಮೇಲೆ ಒತ್ತುವ ರೂಢಿ ಬೆಳೆಯಿತು. ಯಂತ್ರಯುಗದಲ್ಲಿಯೂ ಅಂಟು ತಪ್ಪಲಿಲ್ಲವೆಂಬುದನ್ನು, ಭೇದವನ್ನು ಒತ್ತಿ ಹೇಳುವವರು ನೆನೆಯಬೇಕು. ಹೊಟ್ಟೆಯಲ್ಲಿ ಬಿಲ್ಲೆ ಒಡೆಯಲೆಂದು ಒಣ ಪಿಷ್ಟವನ್ನೂ ಬೆರೆಸತೊಡಗಿದರು. ತೇಯುವ ಕಲ್ಲಿನ ಕೆಲಸ ಅದರ ಪಾಲಿಗೆ ಬಂದಿತು. 1960ರ ದಶಕದಲ್ಲಿ ಸೂಕ್ಷ್ಮಸ್ಫಟಿಕ ಸೆಲ್ಯುಲೋಸು ಬಳಕೆಗೆ ಬಂದ ಮೇಲೆ, ಕಲಸದೆಯೇ ನೇರವಾಗಿ ಒತ್ತುವುದು ಅನೇಕ ಔಷಧಗಳಿಗೆ ಸಾಧ್ಯವಾಯಿತು.

ಒತ್ತುವ ಕ್ರಮವು ನಮ್ಮ ಮೂಲಿಕೆಗಳಿಗೂ ಬಂದುದಕ್ಕೆ ನಿದರ್ಶನವಾದ, ಮಲೆನಾಡಿನ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧಿಯ ವಿಷಯದಲ್ಲಿ, ಅದರ ಬೇರಿನ ಸಾರವಸ್ತುವಾದ ರಿಸರ್ಪಿನ್ ಬೇರ್ಪಟ್ಟ 1952ನ್ನೇ ಮಾತ್ರೆಯ ಮೊದಲೆಂದು ಹಿಡಿಯುವುದು ಸಾಧುವಲ್ಲ. ಡೆಹ್ರಾಡೂನಿನಲ್ಲಿ 1930ರಲ್ಲಿ ಎಂ. ಮನಾಲ್ ಸ್ಥಾಪಿಸಿದ ಹಿಮಾಲಯ ಸಂಸ್ಥೆಯು, ಕೈಯಿಂದ ನಡೆಸುವ ಯಂತ್ರದಲ್ಲಿ ಮಾತ್ರೆ ಒತ್ತುತ್ತ ಹೊರಟು, 1934ರಲ್ಲಿಯೇ ಸರ್ಪಗಂಧಿಯ ಬೇರಿನ ‘ಸರ್ಪಿನಾ’ವನ್ನು ಹೊರತಂದಿತು; ಮುಂಬಯಿಯ ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ ರೋಗಿಗಳಲ್ಲಿ ಆ ಬೇರನ್ನು ಪರೀಕ್ಷಿಸಿ 1949ರಲ್ಲಿ ಲೇಖನ ಪ್ರಕಟಿಸಿದರು. ಈ ಸಂಸ್ಥೆಯ ಕಾರ್ಖಾನೆ 1975ರಲ್ಲಿ ಬೆಂಗಳೂರಿನ ಹೊರವಲಯದ ಮಾಕಳಿಯಲ್ಲಿ ಆರಂಭವಾಯಿತು.