ಗಂಜೀಫಾದಿಂದ ಬ್ಲಾಕ್‌ಚೈನ್ ಕಾರ್ಡಿನವರೆಗೆ: ಎಲೆ ಯಾರದು, ಲೆಕ್ಕದ ಪುಸ್ತಕ ಯಾರ ಕೈಲಿದೆ?

ಬೋರ್ಡಿನಲ್ಲಿ ಭಾರತೀನಗರ ಎಂದಿದ್ದರೂ ನಮ್ಮ ಕಡೆಯ ಹಿರಿಯರಿಗೆ ಇದು ಈಗಲೂ ಕೆ.ಎಂ.ದೊಡ್ಡಿಯೇ. ಒಂದು ಕಡೆ ಸಕ್ಕರೆ ಕಾರ್ಖಾನೆ, ಇನ್ನೊಂದು ಕಡೆ ಭಾರತಿ ಕಾಲೇಜು. ಮದ್ದೂರು, ಮಳವಳ್ಳಿ ಎರಡೂ ಸೀಮೆಯ ಹಳ್ಳಿಗಳಿಂದ ಬರುವ ಹುಡುಗರು ಬಸ್ಸಿಗೆ ಕಾಯುತ್ತಾ ಮೊಬೈಲ್ ಹಿಡಿದು ನಿಂತಿರುತ್ತಾರೆ. ಸುದ್ದಿಗೆಂದು ಹೋದ ನಮ್ಮನ್ನು ಅವರು ಆಗಾಗ ಕೇಳುವ ಪ್ರಶ್ನೆ ಇದು: "ಅಣ್ಣ, ಬ್ಲಾಕ್‌ಚೈನ್ ಕಾರ್ಡ್ ಗೇಮ್ ಅಂತ ಐತಲ್ಲ, ಅದ್ನ ಹೆಂಗ್ ಶುರು ಮಾಡೋದು? ಕಾರ್ಡು ನಮ್ದೇ ಆಗೋಯ್ತದಂತೆ, ಬೇಕಾದಾಗ ಮಾರ್ಬೋದಂತೆ."

ಶುರು ಮಾಡುವುದು ಕಷ್ಟವೇನಲ್ಲ, ಅದನ್ನೂ ಹೇಳುತ್ತೇವೆ. ಆದರೆ "ಕಾರ್ಡು ನಮ್ದೇ" ಎಂಬ ಮಾತನ್ನು ಮೊದಲು ಸ್ವಲ್ಪ ಬಿಡಿಸಿ ನೋಡಬೇಕು. ಅದಕ್ಕೆ ಹಿಂದಕ್ಕೆ ಹೋಗಬೇಕು, ಮೈಸೂರಿನ ಅರಮನೆಯವರೆಗೆ.

ಈಗ ಎಲೆ ಆಟ ಎಂದರೆ ನಮ್ಮಂಥ ವರದಿಗಾರರಿಗೆ ನೆನಪಾಗುವುದು "ತೋಟದ ಮನೆಯಲ್ಲಿ ಅಂದರ್ ಬಾಹರ್, ಐವರ ಬಂಧನ" ಎಂಬ ನಾಲ್ಕು ಸಾಲಿನ ಸುದ್ದಿ. ಆಟೀನು, ಡೈಮಂಡು, ಕಲಾವರ, ಇಸ್ಪೀಟು ಎಂಬ 52 ಎಲೆಗಳು ಯುರೋಪಿನವರ ಜೊತೆ ಬಂದವು. ಅದಕ್ಕೂ ಮುಂಚೆ ಇಲ್ಲಿ ಇದ್ದದ್ದು ಗಂಜೀಫಾ. ಬಾಬರ್ 1527ರಲ್ಲಿ ಸಿಂಧ್‌ನ ಶಾ ಹಸನ್‌ಗೆ ಗಂಜೀಫಾ ಎಲೆಗಳನ್ನು ಕಳಿಸಿಕೊಟ್ಟಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಅಕ್ಬರನ ಕಾಲದ ಆಟದ ವಿವರ ಅಬುಲ್ ಫಜಲನ ಐನ್-ಇ-ಅಕ್ಬರಿಯಲ್ಲಿದೆ. ಮೊಘಲ್ ಗಂಜೀಫಾದಲ್ಲಿ 8 ಬಣ್ಣ, 96 ಎಲೆ. ಅದೇ ಆಟ ಹಿಂದೂ ಮನೆಗಳಿಗೆ ಬಂದು ದಶಾವತಾರವಾಯಿತು: ಒಂದೊಂದು ಅವತಾರಕ್ಕೆ 12 ಎಲೆ, ಒಟ್ಟು 120. ಪ್ರತಿ ಬಣ್ಣಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಮಿಕ್ಕವು ಒಂದರಿಂದ ಹತ್ತರವರೆಗಿನ ಎಲೆಗಳು.

ಎಲೆಗಳು ಗುಂಡಗೆ, ಕೈಯಲ್ಲೇ ಬರೆದವು. ಶ್ರೀಮಂತರಿಗೆ ದಂತದ ಮೇಲೆ ಬರೆದ ದರ್ಬಾರ್ ಕಲಂ, ಸಾಮಾನ್ಯರಿಗೆ ಬಟ್ಟೆ ಅಥವಾ ಕಾಗದ ಅಂಟಿಸಿ ಮೆರುಗು ಹಚ್ಚಿದ ಬಜಾರ್ ಕಲಂ.

ಮೈಸೂರಿನಲ್ಲಿ ಈ ಆಟಕ್ಕೆ ಬೇರೆಯದೇ ರೂಪ ಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಐದು ವರ್ಷದ ಮಗುವಾಗಿ ಪಟ್ಟಕ್ಕೆ ಬಂದ ಇವರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ರಾಜ್ಯಭಾರ ಇಲ್ಲದ ರಾಜ ಚದುರಂಗ, ಲೆಕ್ಕದ ಚಮತ್ಕಾರ, ಎಲೆ ಆಟಗಳಲ್ಲಿ ಮನಸ್ಸು ತೊಡಗಿಸಿದರು. ಅವರ ಶ್ರೀತತ್ತ್ವನಿಧಿಯ ಒಂಬತ್ತನೇ ಭಾಗ ಕೌತುಕನಿಧಿ. ಅದರಲ್ಲಿ 'ಛದ' ಎಂಬ ಹೆಸರಿನ ಎಲೆ ಆಟಗಳ ವಿವರವಿದೆ. 36 ಎಲೆಯ ಚಿಕ್ಕ ಆಟದಿಂದ 360 ಎಲೆಯ ದೊಡ್ಡ ಆಟದವರೆಗೆ ಇವೆ. ಚಾಮುಂಡೇಶ್ವರಿ ಛದಕ್ಕೆ 320 ಎಲೆ. (ನಮ್ಮೂರ ಸಕ್ಕರೆ ಕಾರ್ಖಾನೆಗೂ ಅದೇ ತಾಯಿಯ ಹೆಸರು. ಸಂಬಂಧ ಅಷ್ಟೇ.) ಆಡುವವರು ಅಷ್ಟು ಎಲೆಗಳ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಳ್ಳಬೇಕಿತ್ತು.

ಮುಂದೆ ಅಚ್ಚಾದ ಅಗ್ಗದ ಇಸ್ಪೀಟು ಬಂತು, ಗಂಜೀಫಾ ಆಟ ಮೂಲೆ ಸೇರಿತು. ಕಲೆ ಉಳಿಯಿತು. ಮೈಸೂರಿನ ಕಲಾವಿದ ಗಂಜೀಫಾ ರಘುಪತಿ ಭಟ್ಟರು ಈ ಚಿತ್ರಕಲೆಗೆ ಮತ್ತೆ ಜೀವ ಕೊಟ್ಟರು, ಮೈಸೂರು ಗಂಜೀಫಾಕ್ಕೆ ಜಿಐ ಟ್ಯಾಗ್ ಕೂಡ ಇದೆ. ಆದರೆ ಆ 320 ಎಲೆ ಹಂಚಿಕೊಂಡು ಆಡುವ ಮನೆಯನ್ನು ನಾವಂತೂ ಕಂಡಿಲ್ಲ. ಎಲೆ ಉಳಿದು ಆಟ ಹೋದರೆ ಎಲೆ ಬರೀ ಚಿತ್ರವಾಗುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮ ವಯಸ್ಸಿನವರಿಗೆ ಕಾರ್ಡು ಕೂಡಿಡುವ ಹುಚ್ಚು ಹತ್ತಿದ್ದು 90ರ ದಶಕದಲ್ಲಿ. ಬೆಂಕಿಪೊಟ್ಟಣದ ಚಿತ್ರ, ಸಿಗರೇಟು ಪ್ಯಾಕಿನ ಮುಖ, ಆಮೇಲೆ ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡು. ಕುಸ್ತಿಪಟುವಿನ ಎತ್ತರ, ತೂಕ, ಎದೆ ಸುತ್ತಳತೆ, ರ‍್ಯಾಂಕು ಹೇಳಿ ಎದುರಾಳಿಯ ಕಾರ್ಡು ಗೆಲ್ಲುವುದು. ಅಂಡರ್‌ಟೇಕರ್ ಕಾರ್ಡು ಯಾರ ಜೇಬಲ್ಲಿದೆಯೋ ಅದು ಅವನದು. ಕೇಳಲು ದಾಖಲೆ ಬೇಕಿರಲಿಲ್ಲ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಇನ್ನೊಂದು ದಾರಿ ತೆರೆದಿತ್ತು. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಮೇಷ್ಟ್ರು ರೂಪಿಸಿದ 'ಮ್ಯಾಜಿಕ್: ದಿ ಗ್ಯಾದರಿಂಗ್' 1993ರಲ್ಲಿ ಬಂತು. ಮುಚ್ಚಿದ ಪ್ಯಾಕೆಟ್ ಕೊಳ್ಳಬೇಕು, ಒಳಗೆ ಯಾವ ಕಾರ್ಡು ಬರುತ್ತದೋ ಅದೃಷ್ಟ. ಕೆಲವು ಕಾರ್ಡು ಬೇಕೆಂದೇ ಕಡಿಮೆ ಅಚ್ಚು ಹಾಕಿದವು. ಜಪಾನಿನ ಪೋಕೆಮಾನ್ ಕಾರ್ಡುಗಳು 1996ರಲ್ಲಿ ಬಂದವು. ಆಟದ ಜೊತೆ ಸಂತೆಯೂ ಹುಟ್ಟಿದ್ದು ಹೀಗೆ. ಆಮೇಲೆ ಈ ಆಟಗಳು ಕಂಪ್ಯೂಟರಿಗೆ ಹೋದವು. ಅಲ್ಲಿ ಕಾರ್ಡು ಕಂಪನಿಯ ಪುಸ್ತಕದಲ್ಲಿರುವ ಒಂದು ಸಾಲು ಅಷ್ಟೇ. ಕಂಪನಿ ಅಳಿಸಿದರೆ ಹೋಯಿತು.

ಬ್ಲಾಕ್‌ಚೈನ್ ಬಂದದ್ದು ಈ ಜಾಗದಲ್ಲಿ.

ನಮ್ಮೂರ ಚೀಟಿ ವ್ಯವಹಾರ ಗೊತ್ತಲ್ಲ? 20 ಜನ ಸೇರುತ್ತಾರೆ, ಪುಸ್ತಕ ಒಬ್ಬರ ಹತ್ತಿರ. ಆ ಒಬ್ಬರು ತಿದ್ದಿದರೆ? ಅದರ ಬದಲು 20 ಜನರ ಮನೆಯಲ್ಲೂ ಒಂದೊಂದು ಪುಸ್ತಕವಿದ್ದು, ಯಾರು ದುಡ್ಡು ಕೊಟ್ಟರೂ ಎಲ್ಲ ಪುಸ್ತಕದಲ್ಲೂ ಅದೇ ಸಾಲು ಬರೆಯಬೇಕು ಎಂದಿಟ್ಟುಕೊಳ್ಳಿ. ಪ್ರತಿ ಪುಟದ ಮೇಲೆ "ಹಿಂದಿನ ಪುಟದಿಂದ ತಂದದ್ದು" ಎಂದು ಒಂದು ಗುರುತು ಬರೆಯುತ್ತೇವೆ. ಹಳೇ ಪುಟದಲ್ಲಿ ಒಂದು ಅಂಕಿ ತಿದ್ದಿದರೂ ಮುಂದಿನ ಎಲ್ಲ ಪುಟದ ಗುರುತು ತಪ್ಪುತ್ತದೆ, ಕಳ್ಳತನ ಗೊತ್ತಾಗುತ್ತದೆ. ಪುಟವೇ ಬ್ಲಾಕು, ಪುಟ ಪುಟವನ್ನು ಹಿಡಿದ ಕೊಂಡಿಯೇ ಚೈನು. ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ 2008ರಲ್ಲಿ ಈ ವಿಚಾರದ ಲೇಖನ ಬಂತು, 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಶುರುವಾಯಿತು. ಹಣದ ಬದಲು "ಈ ಕಾರ್ಡು ಇಂಥವರದು" ಎಂದು ಬರೆದರೆ ಅದೇ ಬ್ಲಾಕ್‌ಚೈನ್ ಕಾರ್ಡು.

2018ರಲ್ಲಿ ಇಂಥ ಆಟಗಳು ಜೋರಾದವು. ಆಸ್ಟ್ರೇಲಿಯಾದ 'ಗಾಡ್ಸ್ ಅನ್‌ಚೈನ್ಡ್' ಆಟದ ಹೈಪೀರಿಯನ್ ಎಂಬ ಒಂದೇ ಕಾರ್ಡು ಆ ಜುಲೈನಲ್ಲಿ ಸುಮಾರು 62 ಸಾವಿರ ಡಾಲರಿಗೆ ಹರಾಜಾಯಿತು, ಆಗಿನ ಲೆಕ್ಕದಲ್ಲಿ 40 ಲಕ್ಷ ರೂಪಾಯಿಗೂ ಮೇಲೆ. ಈಗ ಸ್ಪ್ಲಿಂಟರ್‌ಲ್ಯಾಂಡ್ಸ್ ಎನ್ನುವ ಆಟವೂ ಅದೇ ವರ್ಷದ್ದು. ನಮ್ಮ ದೇಶದಲ್ಲಿ ಕ್ರಿಕೆಟಿಗರ ಡಿಜಿಟಲ್ ಕಾರ್ಡು ಮಾರುವ ರಾರಿಯೋ 2021ರಲ್ಲಿ ಬಂತು.

ಹಾಗಾದರೆ ಕಾರ್ಡು ನಮ್ಮದೇ ತಾನೆ? ಅರ್ಧ ಹೌದು. ಬ್ಲಾಕ್‌ಚೈನ್ ಕಾರ್ಡಿನಲ್ಲಿ ಮೂರು ತುಂಡಿವೆ. ಪುಸ್ತಕದಲ್ಲಿನ ಸಾಲು ನಿಮ್ಮದು. ಚಿತ್ರ ಬಹಳ ಸಲ ಬೇರೆ ಯಾರದೋ ಕಂಪ್ಯೂಟರಿನಲ್ಲಿರುತ್ತದೆ. ಆಟ ಕಂಪನಿಯದು. ಟ್ರಂಪ್ ಕಾರ್ಡಿನಲ್ಲಿ ಮೂರೂ ಒಂದೇ ಜೇಬಲ್ಲಿದ್ದವು.

ಇದು ಬರೀ ವಾದವಲ್ಲ, ಆಗಿ ಹೋಗಿದೆ. 'ಎಫ್1 ಡೆಲ್ಟಾ ಟೈಮ್' ಎಂಬ ಕಾರ್ ರೇಸಿನ ಆಟದಲ್ಲಿ 2019ರ ಮೇ ತಿಂಗಳಲ್ಲಿ ಒಂದು ಡಿಜಿಟಲ್ ಕಾರು ಒಂದು ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. 2022ರ ಮಾರ್ಚ್‌ನಲ್ಲಿ ಎಫ್1 ಹೆಸರು ಬಳಸುವ ಲೈಸೆನ್ಸ್ ಮುಂದುವರಿಯದೆ ಆಟವೇ ಮುಚ್ಚಿತು. ಕಂಪನಿ ಬೇರೆ ಆಟದ ವಸ್ತುಗಳನ್ನು ಬದಲಿಗೆ ಕೊಟ್ಟಿತು, ನಿಜ. ಆದರೆ ಆ ಕಾರು ಓಡಿಸುವ ರಸ್ತೆ ಇರಲಿಲ್ಲ. ಆಟ ಹೋದ ಗಂಜೀಫಾ ಎಲೆಗಾದರೂ ಗೋಡೆಗೆ ಹಾಕುವ ಚೆಲುವು ಉಳಿದಿತ್ತು.

ಪುಸ್ತಕವೂ ಎಷ್ಟು ಜನರ ಕೈಲಿದೆ ಎಂಬುದು ಮುಖ್ಯ. ವಿಯೆಟ್ನಾಮಿನ 'ಆಕ್ಸಿ ಇನ್ಫಿನಿಟಿ' ಆಟವನ್ನು ಕೋವಿಡ್ ಕಾಲದಲ್ಲಿ ಫಿಲಿಪ್ಪೀನ್ಸ್‌ನ ಬಡವರು ಕೂಲಿಯಂತೆ ಆಡಿದರು. ಅದರ ರೋನಿನ್ ಎಂಬ ಜಾಲದಲ್ಲಿ ಹಣ ಬಿಡಿಸಲು 9 ಸಹಿಗಳಲ್ಲಿ 5 ಸಾಕಿತ್ತು. 2022ರ ಮಾರ್ಚ್‌ನಲ್ಲಿ ಕಳ್ಳರು ಆ 5 ಕೀಲಿಗಳನ್ನೇ ಕದ್ದು 60 ಕೋಟಿ ಡಾಲರಿಗೂ ಹೆಚ್ಚು ಹೊತ್ತೊಯ್ದರು. ಆಡಿದವರಿಗೆ ಸಿಗುತ್ತಿದ್ದ ಎಸ್‌ಎಲ್‌ಪಿ ನಾಣ್ಯದ ಬೆಲೆ ಅಷ್ಟರಲ್ಲಿ ಬಿದ್ದೇ ಹೋಗಿತ್ತು. ಕೊಳ್ಳುವ ಹೊಸಬರು ಬರುವುದು ನಿಂತರೆ ಬೆಲೆ ನಿಲ್ಲುವುದಿಲ್ಲ. ಟೊಮೆಟೊ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕೋರ್ಟುಗಳೂ ಇದನ್ನು ನೋಡಿವೆ. ತನ್ನ ಲೈಸೆನ್ಸ್ ಇರುವ ಆಟಗಾರರ ಹೆಸರು, ಚಿತ್ರಗಳನ್ನು ಬಳಸಿ ಸ್ಟ್ರೈಕರ್ ಎಂಬ ಆಟ ಕಾರ್ಡು ಮಾರುತ್ತಿದೆ ಎಂದು ರಾರಿಯೋ ದೆಹಲಿ ಹೈಕೋರ್ಟಿಗೆ ಹೋಯಿತು. 2023ರ ಏಪ್ರಿಲ್‌ನಲ್ಲಿ ಕೋರ್ಟು ತಡೆ ಕೊಡಲಿಲ್ಲ. ಆಟಗಾರನ ಹೆಸರು, ರನ್ನು, ವಿಕೆಟ್ಟು ಎಲ್ಲರಿಗೂ ಗೊತ್ತಿರುವ ಮಾಹಿತಿ, ಬ್ಲಾಕ್‌ಚೈನ್ ತಂತ್ರವೂ ಯಾರೊಬ್ಬರ ಸ್ವತ್ತಲ್ಲ ಎಂದಿತು. ಅಂದರೆ ನೀವು ದುಡ್ಡು ಕೊಟ್ಟು ಕೊಂಡ ಬೌಲರನ ಕಾರ್ಡಿನಂಥದ್ದನ್ನೇ ಪಕ್ಕದ ಅಂಗಡಿಯೂ ಮಾರಬಹುದು.

ಕಾನೂನಿನ ಕಡೆ ನೋಡಿದರೆ, ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹೊಸ ಕಾಯ್ದೆ ಮಾಡಿತು. ಗೆದ್ದರೆ ಹಣ ಸಿಗುತ್ತದೆಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟ, ಅದು ಜಾಣ್ಮೆಯದಾದರೂ ಅದೃಷ್ಟದ್ದಾದರೂ, ನಡೆಸುವಂತಿಲ್ಲ. ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಇನ್ನು ತೆರಿಗೆ: ಡಿಜಿಟಲ್ ಆಸ್ತಿ ಮಾರಿದ ಲಾಭಕ್ಕೆ 2022ರ ಏಪ್ರಿಲ್ 1ರಿಂದ 30% ತೆರಿಗೆ. ಒಂದರಲ್ಲಿ ಕಳೆದುಕೊಂಡದ್ದನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ.

ಇಷ್ಟಾದ ಮೇಲೂ ಆಡಬೇಕೆನ್ನುವ ತಮ್ಮಂದಿರಿಗೆ, ತಂಗಿಯರಿಗೆ: ಗಾಡ್ಸ್ ಅನ್‌ಚೈನ್ಡ್‌ನಂಥ ಆಟಗಳಲ್ಲಿ ಮೊದಲ ಕಾರ್ಡುಗಳು ಪುಕ್ಕಟೆ ಸಿಗುತ್ತವೆ, ಅವುಗಳಲ್ಲೇ ತಿಂಗಳುಗಟ್ಟಲೆ ಆಡಿ ನೋಡಿ. ಆಟ ಹಿಡಿಸದಿದ್ದರೆ ಕಾರ್ಡು ಕೊಂಡು ಪ್ರಯೋಜನವಿಲ್ಲ. ಕಾರ್ಡು ಇಡಲು ವ್ಯಾಲೆಟ್ ತೆರೆದಾಗ ಸಾಮಾನ್ಯವಾಗಿ 12 ಪದ ಕೊಡುತ್ತಾರೆ. ಅದೇ ಪೆಟ್ಟಿಗೆಯ ಬೀಗದ ಕೈ. ಹಾಳೆಯಲ್ಲಿ ಬರೆದು ಪಹಣಿ, ಪಾಸ್‌ಬುಕ್ ಇಡುವ ಕಡೆ ಇಡಿ. ಫೋನಿನಲ್ಲಿ ಫೋಟೋ ತೆಗೆದಿಡಬೇಡಿ, "ಕಂಪನಿಯಿಂದ" ಎಂದು ಫೋನು ಬಂದರೂ ಹೇಳಬೇಡಿ. ಕಳೆದರೆ ಹೊಸದು ಕೊಡುವ ಬ್ಯಾಂಕಿನ ಮ್ಯಾನೇಜರ್ ಅಲ್ಲಿ ಯಾರೂ ಇಲ್ಲ. ಕಬ್ಬಿನ ಬಿಲ್ಲು, ಕಾಲೇಜಿನ ಫೀಸು, ಅಮ್ಮನ ಸಂಘದ ಸಾಲ ಇದಕ್ಕೆ ಮುಟ್ಟಬಾರದು. ಮೋಸ ಹೋದಿರೆಂದು ಗೊತ್ತಾದ ತಕ್ಷಣ 1930ಕ್ಕೆ ಫೋನು ಮಾಡಿ, ನಾಳೆ ನೋಡೋಣ ಎನ್ನಬೇಡಿ.